ಅಷ್ಟಗ್ರಹದ ಮಹಾಲಿಂಗಯ್ಯ

ಗುಬ್ಬಿಯ ಮಹಾಲಿಂಗಯ್ಯನವರು ಮೂವತ್ತಾರು ವರ್ಷ ಸರ್ವೇ ಇಲಾಖೆಯಲ್ಲಿದ್ದು ಗುಬ್ಬಿ, ಕುಣಿಗಲ್ ತಾಲ್ಲೂಕುಗಳ ಹೊಲಗಳನ್ನು ಅಳೆದವರು. ನಿವೃತ್ತರಾದ ಮೇಲೆ ಜಾತಕ ನೋಡುತ್ತಾರೆ. ನಾನು ನಲವತ್ತು ವರ್ಷ ಗಣಿತ ಪಾಠ ಮಾಡಿದವಳು. ಜಾತಕದಲ್ಲಿ ನನಗೆ ನಂಬಿಕೆ ಇರಲಿಲ್ಲ, ಈಗಲೂ ಇಲ್ಲ. ಆದರೂ ಅವರ ಬಗ್ಗೆ ಬರೆಯಬೇಕೆನಿಸಿದೆ.

2025ರ ಯುಗಾದಿಯ ಹಿಂದಿನ ದಿನ ಮೀನ ರಾಶಿಯಲ್ಲಿ ಆರು ಗ್ರಹಗಳು ಕೂಡುತ್ತವೆಂದು ಟೀವಿಯವರು ವಾರಗಟ್ಟಲೆ ಹೆದರಿಸಿದ್ದರು. ಅದೇ ದಿನ ಮಧ್ಯಾಹ್ನ ಎರಡು ಗಂಟೆಗೆ ಕುಣಿಗಲ್‌ನಲ್ಲಿ, ತವರಿಗೆ ಹೋಗಿದ್ದ ಶಿಲ್ಪಾಳಿಗೆ ಹೆಣ್ಣುಮಗು ಹುಟ್ಟಿತು. ಅವಳ ಅತ್ತೆ ಪುಟ್ಟಗಂಗಮ್ಮ ತುಮಕೂರಿನ ಸದಾಶಿವನಗರದ ನಮ್ಮ ಮನೆಯಲ್ಲಿ ಅಡುಗೆ ಮಾಡುವವಳು. ಶಿಲ್ಪಾಳ ಗಂಡ ರವಿಕಿರಣ್ ಮೋಟಾರು ವೈಂಡಿಂಗ್ ಕೆಲಸದವನು. ಕಂಪ್ಯೂಟರ್ ಜಾತಕ ತೆಗೆದುಕೊಟ್ಟವರೊಬ್ಬರು, ಆರೂ ಗ್ರಹಗಳು ಒಂಬತ್ತನೇ ಮನೆಯಲ್ಲಿವೆ, ಅದು ತಂದೆಯ ಮನೆ, ಆರು ತಿಂಗಳೊಳಗೆ ತಂದೆ ಮಗುವಿನ ಮುಖ ನೋಡಿದರೆ ಅವನ ಪ್ರಾಣಕ್ಕೆ ಕಂಟಕ ಎಂದಿದ್ದರು. ಫೋಟೋ ಕೂಡ ಬೇಡವೆಂದು ಪುಟ್ಟಗಂಗಮ್ಮ ತಾನೇ ಸೇರಿಸಿದಳು. ಶಿಲ್ಪಾ ದಿನವೂ ವಿಡಿಯೋ ಕಾಲ್ ಮಾಡಿ ಮಗುವಿನ ಪಾದಗಳನ್ನು ಮಾತ್ರ ತೋರಿಸುತ್ತಿದ್ದಳು.

ಹನ್ನೊಂದನೆಯ ದಿನ ರವಿಕಿರಣ್ ನಮ್ಮ ಅಡುಗೆಮನೆಯ ಬಾಗಿಲಿಗೆ ಬಂದು ನಿಂತ.

“ಅವ್ವಾ, ಆರು ತಿಂಗ್ಳು ಬರೀ ಕಾಲೇ ನೋಡ್ಕಂಡಿರ್ಬೇಕಾ? ಎಲ್ಲಾರ ಸಿಕ್ಕಿದ್ರೆ ನನ್ ಮಗಳು ಅಂತ ಕಾಲ್ ನೋಡಿ ಗುರ್ತಿಡೀಬೇಕು ನಾನು.”

“ಬಾಯ್ಮುಚ್ಲಾ. ನಿನ್ ಜೀವ ಇದ್ರೆ ತಾನೆ ಅದಕ್ಕೆ ಅಪ್ಪ!”

ಪುಟ್ಟಗಂಗಮ್ಮ ಬೈದಳಾದರೂ, ಜಾತಕವನ್ನು ಮಹಾಲಿಂಗಯ್ಯನವರಿಗೂ ಒಮ್ಮೆ ತೋರಿಸೋಣವೆಂದು ಒಪ್ಪಿದಳು. ಅವರು ತಪ್ಪು ಲೆಕ್ಕ ಹೇಳಿದರೆ ಹಿಡಿಯಲೆಂದು ನನ್ನನ್ನೂ ಹೊರಡಿಸಿದಳು.

ಗುಬ್ಬಿಯಲ್ಲಿ ಮಹಾಲಿಂಗಯ್ಯನವರು ಕಂಪ್ಯೂಟರ್ ಹಾಳೆಯನ್ನು ಬಿಡಿಸಿಯೂ ನೋಡಲಿಲ್ಲ. ಹುಟ್ಟಿದ ಗಂಟೆ ಕೇಳಿ, ಹನ್ನೆರಡು ಮನೆಗಳ ಚೌಕ ಎಳೆದು, ಪಂಚಾಂಗ ತೆರೆದರು. ಚಂದ್ರನ ಸ್ಥಾನವನ್ನು ನಾನೂ ಪಕ್ಕದಲ್ಲಿ ಕಾಗದದ ಮೇಲೆ ಲೆಕ್ಕ ಹಾಕಿದೆ. ನಾನು ಭಾಗಾಕಾರದ ನಡುವೆ ಇದ್ದಾಗ ಅವರು ಉತ್ತರ ಬರೆದಾಗಿತ್ತು. ನನ್ನದೂ ಅದೇ ಬಂತು.

“ಶನಿ ಮೀನಕ್ಕೆ ಕಾಲಿಟ್ಟಿದ್ದು ಅವತ್ತು ರಾತ್ರಿ ಹತ್ತರ ಸುಮಾರಿಗೆ. ಮಗು ಹುಟ್ದಾಗ ಇನ್ನೂ ಕುಂಭದಲ್ಲೇ ಇದ್ದ. ಒಂಬತ್ತನೇ ಮನೇಲಿರೋದು ಐದೇ.”

ಪುಟ್ಟಗಂಗಮ್ಮ ಎರಡೂ ಕೈ ಎತ್ತಿ ಮುಗಿದಳು. “ಹಂಗಾರೆ ದೋಸ ಇಲ್ಲ! ಏಳ್ಲಾ ಕಿರಣ, ಕುಣಿಗಲ್ಗೆ ಹೋಗವ.”

“ಕೂತ್ಕಳಮ್ಮ. ರಾಶಿ ಗಡಿ ಅನ್ನೋದು ನಾವ್ ನೆಟ್ಟಿರೋ ಬಾಂದು ಕಲ್ಲು. ಎರಡೂವರೆ ವರ್ಷ ನಡ್ಕಂಡ್ ಬಂದೋನು ಆ ಕಲ್ಲಿಗೆ ಎಂಟು ಗಂಟೆ ದೂರದಲ್ಲಿದ್ದ. ನಿನಗೆ ಸಮಾಧಾನ ಆಗ್ಲಿ ಅಂತ ಅವನನ್ನ ಬಿಟ್ ಎಣಿಸಕ್ಕಾಗಲ್ಲ. ಆರೂ ಕೂಡಿದಾವೆ ಅಂತ್ಲೇ ಇಟ್ಕೊ.”

ನಾನು ಪೆನ್ಸಿಲ್ ಕೆಳಗಿಟ್ಟೆ. ಕೈಗೆ ಬಂದ ಸುಲಭದ ಉತ್ತರವನ್ನು ತಾನಾಗಿ ಬಿಟ್ಟುಕೊಟ್ಟವರನ್ನು ನನ್ನ ವೃತ್ತಿಯಲ್ಲೇ ನಾನು ಹೆಚ್ಚು ಕಂಡಿಲ್ಲ. ರವಿಕಿರಣ್ ತಲೆ ತಗ್ಗಿಸಿ ಕೂತಿದ್ದ.

ಅವರು ಒಳಗೆ ಹೋಗಿ ಕಂದು ಬಣ್ಣಕ್ಕೆ ತಿರುಗಿದ ಒಂದು ಹಾಳೆ ತಂದರು. ಅದೂ ಜಾತಕವೇ. ಎಡಗಡೆಯ ಒಂದು ಮನೆಯಲ್ಲಿ ಅಕ್ಷರಗಳು ಇರುಕಿಕೊಂಡು, ಜಾಗ ಸಾಲದೆ ಕೊನೆಯ ಎರಡು ಗೆರೆಯ ಮೇಲೆಯೇ ಹತ್ತಿ ಕುಳಿತಿದ್ದವು. ಉಳಿದ ಮನೆಗಳು ಹೆಚ್ಚುಕಡಿಮೆ ಖಾಲಿ.

“ಯಾರ್ದು ಸ್ವಾಮಿ ಇದು?” ರವಿಕಿರಣ್ ಕೇಳಿದ.

“ನಂದೇ. ಅರವತ್ತೆರಡನೇ ಇಸವಿ ಫೆಬ್ರವರಿ. ಮಕರದಲ್ಲಿ ಎಂಟು ಗ್ರಹ. ಪ್ರಳಯ ಆಗುತ್ತೆ ಅಂತ ದೇಶದಲ್ಲೆಲ್ಲಾ ಹೋಮ ಮಾಡಿಸ್ತಿದ್ರು. ನಮ್ಮ ಕಡಬದಲ್ಲಿ ದನಗಳ ಹಗ್ಗ ಬಿಚ್ಬಿಟ್ಟು ಜನ ಕೆರೆ ಏರಿ ಮೇಲೆ ಕೂತಿದ್ರಂತೆ. ಆ ಮಧ್ಯಾಹ್ನ ನಾನು ಹುಟ್ದೆ. ಎಂಟೂ ಒಂಬತ್ತನೇ ಮನೇಲಿ. ಬರೆದೋರು ನಮ್ಮಪ್ಪ.”

ಊರಿಗೆ ಪಂಚಾಂಗ ಹೇಳುತ್ತಿದ್ದ ಆ ತಂದೆ, ಚೌಕದ ಕೆಳಗೆ “ತಂದೆಯಿಂದ ಅಗಲಿಕೆ” ಎಂದು ಎರಡೇ ಪದ ಬರೆದಿದ್ದರು. ಬರೆದ ದಿನವೇ ಮಗುವಿನ ಮುಖ ನೋಡದೆ ನಿಟ್ಟೂರಿನ ತಂಗಿಯ ಮನೆಗೆ ಹೋಗಿ ಆರು ತಿಂಗಳು ಉಳಿದರು. ಹಿಂದಿರುಗಿದಾಗ ಮಗು ಅವರನ್ನು ಕಂಡು ಚೀರಿತು. ಐದು ವರ್ಷವಾಗುವವರೆಗೂ ಅವರ ತೊಡೆ ಏರಲಿಲ್ಲ. ಅವರು ಎಂಬತ್ತನಾಲ್ಕು ವರ್ಷ ಬದುಕಿದರು.

“ಈ ಕೂಟಕ್ಕೆ ಫಲ ಅಗಲಿಕೆ. ಸರಿಯಾಗೇ ಬರೆದಿದ್ರು. ಆದ್ರೆ ಅಗಲಿಸಿದ್ದು ಯಾರು? ನಿಟ್ಟೂರಿಗೆ ನಮ್ಮಪ್ಪನೇ ನಡ್ಕಂಡ್ ಹೋದ್ರು, ಯಾವ ಗ್ರಹಾನೂ ರಟ್ಟೆ ಹಿಡಿದು ಎಳೀಲಿಲ್ಲ. ನೀನೂ ಹನ್ನೊಂದು ದಿನ ಅನುಭವಿಸಿದೀಯ ಕಣಪ್ಪ. ಫಲ ಮುಗೀತು. ಹೋಗಿ ಮಗು ನೋಡು.”

ನಾನು ಆ ತರ್ಕದಲ್ಲಿ ತಪ್ಪು ಹುಡುಕಿದೆ; ಸಿಗಲಿಲ್ಲ. ಅವರು ಶಾಸ್ತ್ರದ ಒಂದು ಗೆರೆಯನ್ನೂ ಅಳಿಸಿರಲಿಲ್ಲ. ಎಂಟು ಗ್ರಹಗಳನ್ನು ಅರವತ್ತಮೂರು ವರ್ಷ ಹೊತ್ತು, ಅಳೆದು, ಅಗಲಿಸಿದ್ದು ಗ್ರಹವಲ್ಲ ಎಂಬಷ್ಟನ್ನೇ ಕಂಡುಕೊಂಡಿದ್ದರು.

“ಆದ್ರೂ ಒಂದ್ ಸಾಂತಿ ಅಂತ...” ಎಂದಳು ಪುಟ್ಟಗಂಗಮ್ಮ.

“ಮೊದ್ಲು ಎಣ್ಣೇಲಿ ಮುಖ ನೋಡ್ಲಿ, ಆಮೇಲೆ ನೇರ ನೋಡ್ಲಿ. ನಡೀರಿ, ನಾನೂ ಬರ್ತೀನಿ.”

ಕುಣಿಗಲ್‌ನ ಮನೆಯಲ್ಲಿ ಕಂಚಿನ ಬಟ್ಟಲಿಗೆ ಎಳ್ಳೆಣ್ಣೆ ಸುರಿದು ರವಿಕಿರಣನ ಕೈಗೆ ಕೊಟ್ಟರು. ಶಿಲ್ಪಾ ಮಗುವನ್ನೆತ್ತಿಕೊಂಡು ಅವನ ಬೆನ್ನ ಹಿಂದೆ ನಿಂತಳು; ಅವನ ಭುಜದ ಮೇಲಿಂದ ಮಗುವಿನ ಮುಖ ಎಣ್ಣೆಯೊಳಗೆ ಬೀಳಬೇಕು. ಕೂದಲಿನಷ್ಟು ಸಣ್ಣ ತಾಮ್ರದ ತಂತಿ ಸುತ್ತುವ ಅವನ ಕೈ ಅಂದು ನಡುಗುತ್ತಿತ್ತು. ಎಣ್ಣೆ ನಿಲ್ಲಲೇ ಇಲ್ಲ.

“ಏನೂ ಕಾಣಲ್ಲವ್ವಾ.”

“ಅಲ್ಲಾಡಿಸ್ಬ್ಯಾಡ ಕಣ್ಲಾ!”

“ನಾನೆಲ್ಲಿ ಅಲ್ಲಾಡಿಸ್ತಿದೀನಿ? ತಾನೇ ಅಲ್ಲಾಡ್ತೈತೆ.”

ಪುಟ್ಟಗಂಗಮ್ಮ ಮಗನ ಕೈಯನ್ನೇ ನೋಡುತ್ತಿದ್ದಳು. ಆಮೇಲೆ ಮುಂದೆ ಬಂದು ಬಟ್ಟಲನ್ನು ಕಿತ್ತುಕೊಂಡಳು.

“ಬುಡು ಅತ್ಲಾಗೆ. ತಿರುಗ್ಲಾ.”

ಅವನು ತಿರುಗಿದ. ಬಹಳ ಹೊತ್ತು ನೋಡಿದ. “ಕಾಲಿಗಿಂತ ಚೆನ್ನಾಗೈತೆ ಕಣವ್ವಾ” ಎಂದ.

ಮಹಾಲಿಂಗಯ್ಯನವರು ಬಾಗಿಲ ಬಳಿ ನಿಂತು ಆ ತಂದೆಯ ಮುಖವನ್ನೇ ನೋಡುತ್ತಿದ್ದರು.