ಕೊಯ್ಯದ ದ್ರಾಕ್ಷಿಯೇ ಸಾಕ್ಷಿ

ಇನ್ನೂ ನಸುಗತ್ತಲು. ಬೂರಂಡಿ ಊರಾಚೆ, ಕುರಿಗಳ ಉಣ್ಣೆ ಕತ್ತರಿಸುವ ಕೊಟ್ಟಿಗೆಯ ಅಡುಗೆಮನೆಯಲ್ಲಿ ಧಡ್ ಎಂದು ಸದ್ದಾಗುತ್ತದೆ. ಮತ್ತೊಮ್ಮೆ ಧಡ್. ಮೂರನೆಯದಕ್ಕೆ ಪಕ್ಕದ ಬಿಡಾರದಲ್ಲಿ ಮಲಗಿದ್ದವರು ಗೊಣಗುತ್ತಾರೆ. ಐಲ್ಸಾ ಡ್ರಮಂಡ್ ಹಣ್ಣಿನ ಕೇಕಿನ ಹಿಟ್ಟು ತುಂಬಿದ ಚೌಕದ ತಗಡಿನ ಪಾತ್ರೆಯನ್ನು ಗೇಣೆತ್ತರದಿಂದ ನೆಲಕ್ಕೆ ಬಿಡುತ್ತಿದ್ದಾರೆ. ಒಳಗೆ ಸಿಕ್ಕಿಕೊಂಡ ಗಾಳಿ ಈಗಲೇ ಹೊರಬರಬೇಕು.

"ಏಳ್ರಪ್ಪಾ, ಹೆಂಗೂ ಏಳೋ ಹೊತ್ತಾಯ್ತು!" ಎಂದು ಗೋಡೆಯತ್ತ ಕೂಗಿ, ಕೈ ಒದ್ದೆ ಮಾಡಿಕೊಂಡು ಹಿಟ್ಟಿನ ನಡುವನ್ನು ಮೆಲ್ಲಗೆ ತಗ್ಗು ಮಾಡುತ್ತಾರೆ. ಬೇಯುವಾಗ ನಡು ಏರಿ ಅಂಚಿನ ಮಟ್ಟಕ್ಕೆ ಬಂದು ನಿಲ್ಲುತ್ತದೆ. ಪಾತ್ರೆಯ ಸುತ್ತ ಹಳೆಯ ಪತ್ರಿಕೆಯ ಎಂಟು ಮಡಿಕೆ, ಮೇಲೆ ದಾರದ ಕಟ್ಟು. ಅಂಚು ಬೇಗ ಕಾದು ಗಟ್ಟಿಯಾದರೆ ನಡು ಗುಡ್ಡವಾಗುತ್ತದೆ, ಅದಕ್ಕೆ ಈ ಹೊದಿಕೆ. ಒಲೆಯ ಮುಚ್ಚಿದ ಗೂಡಿನೊಳಗೆ ಸಣ್ಣ ಕಾವಿನಲ್ಲಿ ನಾಲ್ಕು ಗಂಟೆ ಬೇಯಬೇಕು. "ವಾರದ ಪುರವಣಿ ಒಳ್ಳೇದು, ಕಾಗ್ದ ದಪ್ಪ" ಎನ್ನುತ್ತಾರೆ. ಓದುತ್ತಾರೋ ಇಲ್ಲವೋ ಹೇಳುವುದಿಲ್ಲ.

ಐಲ್ಸಾಗೆ ಅರವತ್ತಾರು. ಕುರಿಗಳ ಉಣ್ಣೆ ಕತ್ತರಿಸುವ ತಂಡಗಳಿಗೆ ಅಡುಗೆ ಮಾಡುತ್ತಾ ನಲವತ್ತೊಂದು ವರ್ಷ ಕಳೆದಿದ್ದಾರೆ. ಗಂಡ ತೀರಿಕೊಂಡ ವಾರವೂ ಒಲೆ ಹಚ್ಚಿದರು. ಮಂಡಿ ಕೈಕೊಟ್ಟ ವರ್ಷ ಸ್ಟೂಲಿನ ಮೇಲೆ ಕೂತು ಬೇಯಿಸಿದರು. ದಿನಕ್ಕೆ ಹನ್ನೆರಡು ಗಂಡಸರು, ಮೂರು ಊಟ, ಎರಡು ಚಹಾ ಬಿಡುವು, ಎಂಟು ಲೋಫ್ ಬ್ರೆಡ್. ಚಹಾಕ್ಕೆ ಕೇಕು ಇರಲೇಬೇಕು. ಅದು ಮಟ್ಟಸವಾಗಿರಲೇಬೇಕು ಎಂಬುದು ಅವರು ಮೊದಲ ವರ್ಷವೇ ಕಲಿತ ಪಾಠ.

"ಉಬ್ಬಿದ ಕೇಕು ತಗೊಂಡೋಗಿಟ್ಟೆ. ನಡುವಿನ ತುಂಡು ಸಿಕ್ಕವನಿಗೆ ಗುಡ್ಡ, ಮೂಲೆಯವನಿಗೆ ಚೂರು. ಇಬ್ರು ಕೊರಳಪಟ್ಟಿ ಹಿಡ್ಕೊಂಡ್ರು ನೋಡಿ! ಬೆವರು ಎಲ್ಲರ್ದೂ ಒಂದೇ ಅಂದ್ಮೇಲೆ ತುಂಡೂ ಒಂದೇ ಸಮ ಇರ್ಬೇಕು ತಾನೆ?"

ಇಂಥ ಕೈಯನ್ನೇ ಹೋದ ವರ್ಷ ಕಳ್ಳಗೈ ಎಂದರು.

ಬೂರಂಡಿಯ ಕೃಷಿ ಮೇಳದ ಹಣ್ಣಿನ ಕೇಕು ಸ್ಪರ್ಧೆಗೆ ಐಲ್ಸಾ ಪ್ರತಿ ವರ್ಷ ಒಂದು ಕೇಕು ಕಳಿಸುತ್ತಾರೆ. ನಿಯಮ ಸ್ಪಷ್ಟ: ಮೇಲ್ಭಾಗ ಸಮವಾಗಿರಬೇಕು, ಚಾಕುವಿನಿಂದ ಸಮ ಮಾಡಿರಬಾರದು. ನಗರದಿಂದ ಬಂದ ತೀರ್ಪುಗಾರ್ತಿ ಕೇಕಿನ ಮೇಲೆ ಬೆರಳಾಡಿಸಿದರು, ಬೆಂದ ಕೇಕಿನ ಮೇಲೆ ಇರಬೇಕಾದ ಗಟ್ಟಿ ಸಿಪ್ಪೆ ಸಿಗಲಿಲ್ಲ, ಚಾಕುವಿಗೆ ಹೋಗಿದೆ ಎಂದುಕೊಂಡರು. ಕೂಡಲೇ ಚೀಟಿ ಬರೆದು ಅಂಟಿಸಿದರು: "ಮೇಲ್ಭಾಗ ಕತ್ತರಿಸಿದೆ. ಇಷ್ಟು ಸಮ ಕೈಯಿಂದ ಬರಲು ಸಾಧ್ಯವಿಲ್ಲ. ಅನರ್ಹ." ಆ ಚೀಟಿ ಮೂರು ದಿನ ಇಡೀ ಊರಿನೆದುರು ಕೂತಿತ್ತು.

ಕೊಟ್ಟಿಗೆಯ ಅಡುಗೆಯವರು ಕೇಕನ್ನು ಒಲೆಯಿಂದ ಇಳಿಸಿದ ಕೂಡಲೇ ಪಾತ್ರೆ ಸಮೇತ ದಪ್ಪ ಟವೆಲಿನಲ್ಲಿ ಸುತ್ತಿ ಬೋರಲು ಹಾಕುತ್ತಾರೆ. ಆವಿಗೆ ಸಿಪ್ಪೆ ಮೆತ್ತಗಾಗುತ್ತದೆ, ಧೂಳಿನ ಕೊಟ್ಟಿಗೆಯಲ್ಲೂ ಕೇಕು ವಾರಗಟ್ಟಲೆ ಒಣಗುವುದಿಲ್ಲ. ಇಲ್ಲಿ ಯಾರನ್ನು ಕೇಳಿದ್ದರೂ ಹೇಳುತ್ತಿದ್ದರು. ಕೇಳುವ ಸೌಜನ್ಯ ಬೇಡವೇ? ನಲವತ್ತು ವರ್ಷದ ಹೆಸರನ್ನು ಒಂದು ಬೆರಳಲ್ಲಿ ಒರೆಸಿಹಾಕಲು ಇವರಿಗೆ ಅಧಿಕಾರ ಕೊಟ್ಟವರು ಯಾರು?

ಸಾಕ್ಷಿ ಕೇಕಿನಲ್ಲೇ ಇತ್ತು. ಅದನ್ನು ಕಂಡವನು ತಂಡದ ಹಿರಿಯ ರಸ್ ಟ್ರೆವೆನಾ. "ಚಾಕು ಆಡಿದ್ರೆ ಮೇಲಿರೋ ದ್ರಾಕ್ಷಿ ಅರ್ಧ ಆಗ್ಬೇಕಲ್ರೀ? ಒಂದೇ ಒಂದು ಕೊಯ್ದ ದ್ರಾಕ್ಷಿ ತೋರ್ಸಿ, ನನ್ನ ಟೋಪಿ ತಿಂತೀನಿ" ಎಂದು ಮೇಳದ ಕಚೇರಿಯ ಮೇಜಿನ ಮೇಲೆ ಕೇಕು ತಂದಿಟ್ಟ. ಕಾರ್ಯದರ್ಶಿ ಜಾಯ್ಸ್ ಹ್ಯಾಲೊರನ್ ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದರು. ದ್ರಾಕ್ಷಿಗಳೆಲ್ಲ ಇಡಿಯಾಗಿದ್ದವು. ನೋಡಿ ಏನೆಂದರು ಗೊತ್ತೇ? "ನೀನ್ ಹೇಳೋದೇನೋ ಸರಿ ಕಣೋ, ಆದ್ರೆ ತೀರ್ಪು ತೀರ್ಪೇ." ಕಣ್ಣಾರೆ ಕಂಡ ಮೇಲೂ ಚೀಟಿ ತೆಗೆಯದವರಿಗೆ ಕನ್ನಡಕ ಯಾತಕ್ಕೆ!

ಇನ್ನು ಮೂರು ವಾರಕ್ಕೆ ಈ ವರ್ಷದ ಮೇಳ. ಅದೇ ತೀರ್ಪುಗಾರ್ತಿ ಬರುತ್ತಾರಂತೆ. ಮೊನ್ನೆ ಜಾಯ್ಸ್ ಕೊಟ್ಟಿಗೆಗೇ ಬಂದು ಬುದ್ಧಿ ಹೇಳಿದರು.

"ಐಲ್ಸಾ, ಈ ಸಲ ಸ್ವಲ್ಪ ಉಬ್ಬಕ್ಕೆ ಬಿಡು ಮಾರಾಯ್ತಿ. ಒಂಚೂರು. ಅನುಮಾನನೂ ಬರಲ್ಲ, ಬಹುಮಾನನೂ ಬರ್ತದೆ."

"ಅಂದ್ರೆ ನಾನು ಕೆಟ್ಟದಾಗಿ ಮಾಡಿದ್ರೆ ಪ್ರಾಮಾಣಿಕಳು, ಚೆನ್ನಾಗಿ ಮಾಡಿದ್ರೆ ಕಳ್ಳಿ. ಹಂಗೇನು?" ಎಂದರು ಐಲ್ಸಾ. ಜಾಯ್ಸ್ ಚಹಾ ಅರ್ಧಕ್ಕೇ ಬಿಟ್ಟು ಹೊರಟರು.

ಇಂದು ಬೇಯುತ್ತಿರುವುದು ಮೇಳಕ್ಕೆ ಹೋಗುವ ಕೇಕು. ನಡುವೆ ತಗ್ಗು ಮಾಡದೆ ಬಿಟ್ಟಿದ್ದರೆ ಸಾಕಿತ್ತು, ತಾನೇ ಉಬ್ಬುತ್ತಿತ್ತು. ಐಲ್ಸಾ ಬಿಡಲಿಲ್ಲ. ಎಂಟೂವರೆಗೆ ಒಲೆ ತೆರೆದು ಪಾತ್ರೆ ಇಳಿಸಿ, ಅಡ್ಡಲಾಗಿ ಮರದ ಅಡಿಕೋಲು ಇಡುತ್ತಾರೆ. ತಿಂಡಿಗೆ ಬಂದ ರಸ್ ಮಂಡಿಯೂರಿ ಕೋಲಿನ ಕೆಳಗೆ ಒಂದು ಕಣ್ಣಿಟ್ಟು ನೋಡುತ್ತಾನೆ.

"ಬೆಳಕೇ ತೂರ್ತಿಲ್ಲ ಕಣಮ್ಮಾ. ಈ ಸಲಾನೂ ಕಳ್ಳಿ ಅಂತಾರೆ ಬಿಡು!"

ಐಲ್ಸಾ ನಗುವುದಿಲ್ಲ. "ಬಹುಮಾನ ಯಾರಿಗೆ ಬೇಕು? ತೀರ್ಪು ಕೊಟ್ಟ ಆ ಯಮ್ಮ ಇಲ್ಲಿ ಬಂದು, ಈ ಸ್ಟೂಲಿನ ಮೇಲೆ ನಾಲ್ಕು ಗಂಟೆ ಕೂತು ನೋಡ್ಲಿ. ನೋಡಿದ್ಮೇಲೆ ಅವರ ಕೈಯಾರೆ ಅದನ್ನ ಇಳಿಸ್ಲಿ. ಅಷ್ಟೇ" ಎನ್ನುತ್ತಾರೆ. ಅದು ಎಂದರೆ, ಒಲೆಯ ಮೇಲಿನ ಗೋಡೆಗೆ ಮೊಳೆ ಹೊಡೆದು ಸಿಕ್ಕಿಸಿರುವ ಹೋದ ವರ್ಷದ ಚೀಟಿ. ಹಿಂದಿನ ಮೇಳಗಳಲ್ಲಿ ಮೊದಲ ಬಹುಮಾನಕ್ಕೆ ಸಿಕ್ಕ ನೀಲಿ ರಿಬ್ಬನ್ನುಗಳೆಲ್ಲ ಬಿಸ್ಕತ್ತಿನ ಡಬ್ಬಿಯಲ್ಲಿವೆ. ಗೋಡೆಯ ಮೇಲಿರುವುದು ಇದೊಂದೇ.

ಹರಿದು ಒಲೆಗೆ ಹಾಕಬಾರದಿತ್ತೇ ಎಂದರೆ, ಬಿಸಿ ಪಾತ್ರೆಗೆ ಟವೆಲು ಸುತ್ತುತ್ತಾ ಹೇಳುತ್ತಾರೆ:

"ಯಾಕೆ ಹರೀಲಿ? ಇಷ್ಟು ಸಮ ಕೈಯಿಂದ ಬರಲ್ಲ ಅಂತ ಬರ್ಕೊಟ್ಟಿದಾರೆ. ಬಂದಿದ್ದು ಈ ಕೈಯಿಂದ."