ಖಾಲಿ ರಸ್ತೆಯ ಎಡಗಡೆ

ಕಲಾವತಿಗೆ ಸೈಕಲ್ಲು ಹೊಸದಲ್ಲ. ಹತ್ತನೇ ವಯಸ್ಸಿಗೇ ಧಾರವಾಡದ ಇಳಿಜಾರಿನಲ್ಲಿ ಅಪ್ಪನ ಸೈಕಲ್ಲಿಗೆ ಒಳಪೆಡಲು ಹೊಡೆದು, ಮೊಣಕಾಲು ತರಚಿಕೊಂಡು ಕಲಿತವಳು. ಆಗ ಹೆದರಿಕೆ ಎಂಬುದು ಅವಳ ಹತ್ತಿರವೂ ಸುಳಿದಿರಲಿಲ್ಲ. ನಾಲ್ಕು ವರ್ಷದ ಹಿಂದೆ ದೇಶ ಬಿಟ್ಟು ಮಾಲ್ಟನ್ನಿಗೆ ಬಂದು, ಹೋಟೆಲೊಂದರಲ್ಲಿ ಬಟ್ಟೆ ಒಗೆಯುವ ಕೆಲಸಕ್ಕೆ ಸೇರಿ, ಬಸ್ಸು ಕಾದು ಕಾದು ಸಾಕಾಗಿ ಹಳೆಯ ಸೈಕಲ್ಲೊಂದನ್ನು ಕೊಂಡ ಮೇಲೆ ಆ ಹೆದರಿಕೆ ಅವಳ ಬೆನ್ನು ಹತ್ತಿತು.

ಇಲ್ಲಿ ಎಲ್ಲರೂ ರಸ್ತೆಯ ಬಲಗಡೆ ಹೋಗುತ್ತಾರೆ. ಹುಟ್ಟಿದಾಗಿನಿಂದ ಎಡಗಡೆ ಹೋದ ಮೈಗೆ ಅದು ಒಗ್ಗಲಿಲ್ಲ. ಮುಂದೆ ಕಾರುಗಳಿದ್ದರೆ ಅವುಗಳ ಹಿಂದೆ ಹೋಗಿಬಿಡುತ್ತಿದ್ದಳು. ರಸ್ತೆ ಖಾಲಿಯಿದ್ದಾಗಲೇ ಫಜೀತಿ. ತಾನು ಎಡಗಡೆ ಸರಿದದ್ದು ಎರಡು ಸಲ ಎದುರಿನ ಹಾರ್ನ್ ಕೇಳಿದ ಮೇಲೆಯೇ ಗೊತ್ತಾಗಿತ್ತು. ಗಂಡನಿಗೆ ಹೇಳಲಿಲ್ಲ. ಟ್ರಕ್ಕು ಓಡಿಸುವ ನಿಜಗುಣ ಮೊದಲೇ ಅಂದಿದ್ದ, “ಮ್ಯಾಲ ಕುಂತಾವ್ರಿಗೆ ಸೈಕಲ್ ಕಾಣೂದಿಲ್ಲ, ತಿಳಕೋ.” ಹೇಳಿದ್ದರೆ ಸೈಕಲ್ಲಿಗೇ ಸಂಚಕಾರ.

ಇಲ್ಲೇ ಹತ್ತಿರದಲ್ಲಿದ್ದ ಮೈಸೂರಿನ ಗೆಳತಿ ಉಷಾ ಹಿಂದೆ ನೆದರ್ಲೆಂಡ್ಸಿನಲ್ಲಿದ್ದವಳು. “ಅಲ್ಲಿ ಸೈಕಲ್‌ಗೇ ಬೇರೆ ರಸ್ತೆ ಕಣ್ರೀ, ಸಿಗ್ನಲ್ಲೂ ಬೇರೆ. ಅಜ್ಜಿಯರೂ ಆರಾಮಾಗಿ ಓಡಾಡ್ತಾರೆ,” ಎನ್ನುತ್ತಿದ್ದಳು. ಕೇಳಿ ಏನು ಬಂತು? ಕಲಾವತಿಯ ಪಾಲಿಗೆ ಇದ್ದದ್ದು ರಸ್ತೆ ಅಂಚಿನ ಒಂದು ಮೊಳ ಜಾಗ.

೨೦೧೭ರ ಜೂನ್. ಹನ್ನೊಂದು ವರ್ಷದ ಮಗಳು ಸಾನ್ವಿ ಹೊಸ ಸೈಕಲ್ಲು, ಹೆಲ್ಮೆಟ್ಟು ಸಮೇತ ತಯಾರಾಗಿ ನಿಂತಿದ್ದಳು. ಭಾನುವಾರ ಬೆಳಿಗ್ಗೆ ಉಷಾಳ ಮನೆಯಲ್ಲಿ ಮಕ್ಕಳಿಗೆ ಕನ್ನಡ ಪಾಠ. ಈ ಸಲ ಸೈಕಲ್ಲಲ್ಲೇ ಹೋಗಬೇಕೆಂದು ಹಟ. ಕಲಾವತಿಗೆ ಮನಸ್ಸಿರಲಿಲ್ಲ. ಆದರೂ ಒಪ್ಪಿದಳು.

“ನನ್ನ ಹಿಂದ ಬಾ. ನಾ ಎಲ್ಲಿ ಹೋಗ್ತೀನಿ, ಅಲ್ಲೇ ಬರಬೇಕು. ಆ ಕಡೆ ಈ ಕಡೆ ಹೋಗಬ್ಯಾಡ.”

“ಓಕೆ ಅವ್ವಾ.”

ಕಾರುಗಳಿನ್ನೂ ಎದ್ದಿರಲಿಲ್ಲ. ತಮ್ಮ ಬೀದಿಯ ಮೂಲೆಯಲ್ಲಿ ಎಡಕ್ಕೆ ತಿರುಗಿ ದೊಡ್ಡ ರಸ್ತೆಗೆ ಬಂದರು. ಹಿಂದೆ ಮಗಳ ಬೆಲ್ಲು ಟ್ರಿಣ್ ಅನ್ನುತ್ತಿತ್ತು. ಸ್ವಲ್ಪ ಹೊತ್ತಿಗೆ ಕಲಾವತಿಯ ಹೆಗಲು ತಾನಾಗಿ ಸಡಿಲಾಯಿತು. ಮೊದಲ ಸಲ ಹೆದರಿಕೆ ದೂರವಾದಂತೆ ಅನಿಸಿತು. ಸುಮ್ಮನೆ ಹೆದರಿಕೊಂಡಿದ್ದೆನಲ್ಲ ಎಂದುಕೊಂಡಳು.

ಅಷ್ಟರಲ್ಲಿ ತಿರುವಿನಿಂದ ಬಸ್ಸು ಬಂತು. ನೇರ ಎದುರಿಗೆ.

“ಸಾನ್ವಿ, ಹುಲ್ಲಿಗೆ! ಹುಲ್ಲಿನ ಮ್ಯಾಲ ಹೋಗು!”

ಅಂಚಿಗೆ ಬಡಿದು ಇಬ್ಬರೂ ಪಕ್ಕದ ಹುಲ್ಲಿನ ಮೇಲೆ ಬಿದ್ದರು. ಬಸ್ಸು ಹಾರ್ನ್ ಒತ್ತುತ್ತಲೇ ದಾಟಿಹೋಯಿತು. ಕಲಾವತಿ ತೆವಳಿಕೊಂಡೇ ಹೋಗಿ ಮಗಳ ಕೈಕಾಲು, ಮುಖ, ತಲೆ ಎಲ್ಲ ಮುಟ್ಟಿ ನೋಡಿದಳು. ಏನೂ ಆಗಿರಲಿಲ್ಲ.

“ರಾಂಗ್ ಸೈಡ್ ಇತ್ತು, ಅವ್ವಾ. ತಿರುಗಿದಾಗನ ನಂಗ ಗೊತ್ತಾತು,” ಅಂದಳು ಸಾನ್ವಿ.

“ಮತ್ತ ಯಾಕ ಹೇಳಲಿಲ್ಲ?”

“ಬಟ್ ಯು ಟೋಲ್ಡ್ ಮಿ. ನೀ ಹೋದಲ್ಲೇ ಬರಬೇಕು ಅಂತ.”

ಬಸ್ಸು ಬಂದಾಗಲೂ ಕಲಾವತಿ ಇಷ್ಟು ಹೆದರಿರಲಿಲ್ಲ. ಸೈಕಲ್ಲುಗಳನ್ನು ತಳ್ಳಿಕೊಂಡು ರಸ್ತೆ ದಾಟಿದ ಮೇಲೆ, “ಇನ್ನ ನೀ ಮುಂದ ನಡಿ, ನಾ ಹಿಂದ ಬರ್ತೀನಿ,” ಅಂದಳು.

ಮಗಳು ಬಲಗಡೆಯ ಅಂಚು ಹಿಡಿದು ಹೊರಟಳು. ಉಷಾಳ ಮನೆ ಬರುವವರೆಗೂ ಕಲಾವತಿ ಆ ಪುಟ್ಟ ಬೆನ್ನಿನಿಂದ ಕಣ್ಣು ಕೀಳದೆ, ಅದು ಹೋದಲ್ಲೇ ಹೋದಳು.