ಖಾಲಿ ಕರಡಿಗೆ

ಬೆಳಗಾವಿಯ ಸದಾಶಿವನಗರದ ಆ ಎಂ.ಆರ್.ಐ. ಸ್ಕ್ಯಾನಿಂಗ್ ಸೆಂಟರಿನಲ್ಲಿ ಅಪ್ಪ ತನ್ನ ಬೆನ್ನುನೋವು ಮರೆತು ನನ್ನ ಗುಣಗಾನಕ್ಕೆ ಇಳಿದಿದ್ದ. ಎರಡು ಸಾವಿರದ ಇಸವಿಯ ಆಸುಪಾಸು. ಅಂಥ ಯಂತ್ರದೊಳಗೆ ಮಲಗುವುದೆಂದರೆ ಜನ ಹೆದರುತ್ತಿದ್ದ ಕಾಲ. ಅಪ್ಪನಿಗೆ ಹೆದರಿಕೆಯಿರಲಿಲ್ಲ. ತನ್ನ ಮಗ ಇದೇ ಜಾತಿಯ ಅಯಸ್ಕಾಂತದ ಮುಂದೆ ದಿನಾ ಕೂರುವವನು ಎಂಬ ಧೈರ್ಯ.

"ಇಂವ ನನ್ನ ಮಗಾರಿ. ಇಂಥಾದ್ದರಾಗ ಬರ್ಫ ಇಟ್ಟು ನೋಡ್ತಾನ," ಎಂದು ಪಕ್ಕದ ಮುದುಕಿಗೆ ಹೇಳುತ್ತಿದ್ದ. "ಬರ್ಫ ಅಂದ್ರ ಪೂರಾ ಗಟ್ಟಿ ಅಲ್ಲರಿ. ಚೀಲದಾಗ ಭತ್ತ ತುಂಬಿದ್ರ ಕಾಳಿನ ನಡುವ ಸಂದಿ ಉಳೀತಾವಲ್ಲ, ಹಂಗ. ಆ ಸಂದ್ಯಾಗ ಹೆಪ್ಪುಗಟ್ಟಲಾರದ ನೀರು ಇರತೈತಿ. ಆ ನೀರಾಗ ಕಣ್ಣಿಗೆ ಕಾಣದ ಹುಳ. ಥಂಡಿ ಅವಕ್ಕ ಏನೂ ಮಾಡೂದಿಲ್ಲ."

ತಪ್ಪೇನಿಲ್ಲ. ದೂರದ ಊರಿನ ಪ್ರಯೋಗಾಲಯದಲ್ಲಿ ನಾನು ಮಾಡುತ್ತಿದ್ದುದು ಅದನ್ನೇ. ಮಂಜುಗಡ್ಡೆಯನ್ನು ಅಯಸ್ಕಾಂತದೊಳಗಿಟ್ಟು ರೇಡಿಯೋ ಅಲೆ ಬಿಟ್ಟರೆ, ಗಟ್ಟಿ ಹರಳುಗಳು ಕೊಡುವ ಉತ್ತರ ಹುಟ್ಟುತ್ತಲೇ ಅಡಗಿಹೋಗುತ್ತದೆ. ಅವುಗಳ ನಡುವೆ ಉಳಿದ ನೀರಿನ ಎಳೆಗಳು ಮಾತ್ರ ಹೆಚ್ಚು ಹೊತ್ತು ಉತ್ತರ ಕೊಡುತ್ತವೆ. ಥಂಡಿ ತಾಳುವ ಸೂಕ್ಷ್ಮಜೀವಿಗಳ ಸಂಸಾರವೂ ಅಲ್ಲೇ. ಒಂದು ರಜೆಯಲ್ಲಿ ನಾನು ಹೇಳಿದ್ದನ್ನು ಅಪ್ಪ ನಮ್ಮೂರು ಪಾರಿಶ್ವಾಡದ ಕಟ್ಟೆಯ ಮೇಲೆ ಹೇಳಿ ಹೇಳಿ ನನಗಿಂತ ಚೆನ್ನಾಗಿ ಕಲಿತಿದ್ದ. ಆದರೆ ಅವನ ಕತೆಗೆ ಒಂದು ಬಾಲವಿತ್ತು. ನಾನು ಹೆದರುತ್ತಿದ್ದುದು ಅದಕ್ಕೆ.

"ಅಂಥಾ ಮಷೀನಿನ ಮುಂದ ಕುಂತ್ರೂ ನನ್ನ ಮಗ ಕೊರಳಾಗಿನ ಲಿಂಗ ಒಂದಿನಾ ತೆಗದಿಲ್ಲರಿ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನಂತೆ ನಾನು ಅಂಗಿಯ ಮೇಲಿನ ಗುಂಡಿ ಹಾಕಿಕೊಂಡೆ.

ನಮ್ಮಲ್ಲಿ ಕೂಸಿಗೆ ಕಟ್ಟಿದ ಇಷ್ಟಲಿಂಗ ಮಣ್ಣಿಗೆ ಹೋಗುವವರೆಗೂ ಮೈಮೇಲೆ ಇರಬೇಕು. ನನ್ನದು ಹಾಸ್ಟೆಲಿನ ಮೇಜಿನ ಖಾನೆಯಲ್ಲಿತ್ತು. ಪ್ರಯೋಗಾಲಯ ಸೇರಿದ ಹೊಸದರಲ್ಲಿ, ಲೋಹದ್ದೆಲ್ಲ ಹೊರಗಿಟ್ಟು ಬಾ ಎಂದಾಗ ಕೀಲಿಕೈ, ಗಡಿಯಾರದ ಜೊತೆ ಬೆಳ್ಳಿಯ ಕರಡಿಗೆಯನ್ನೂ ಒಳಗಿದ್ದ ಲಿಂಗದ ಸಮೇತ ತೆಗೆದಿಟ್ಟೆ. ಸಂಜೆ ಗಡಿಯಾರ ಕೈಗೆ ಬಂತು, ಕೀಲಿಕೈ ಕಿಸೆಗೆ ಬಂತು, ಅದು ಕೊರಳಿಗೆ ಬರಲಿಲ್ಲ. ಅಯಸ್ಕಾಂತ ಬೆಳ್ಳಿಯನ್ನು ಎಳೆಯುವುದಿಲ್ಲ ಎಂಬುದು ನನಗೆ ಗೊತ್ತಿರಲಿಲ್ಲವೇ? ಕೊರಳಲ್ಲಿ ಅದೇನು ಎಂದು ಜೊತೆಯವರು ಕೇಳುತ್ತಿದ್ದರು, ನನಗೊಂದು ನೆಪ ಬೇಕಿತ್ತು. ಊರಿಗೆ ಬರುವಾಗ ಮಾತ್ರ ಮರೆಯದೆ ಹಾಕಿಕೊಳ್ಳುತ್ತಿದ್ದೆ. ಈ ಸಲ ಅಪ್ಪ ಹಾಸಿಗೆ ಹಿಡಿದ ಸುದ್ದಿ ಕೇಳಿ ಗಡಿಬಿಡಿಯಲ್ಲಿ ಹೊರಟವನು, ನೆಟ್ಟಗೆ ಬೆಳಗಾವಿಯಲ್ಲಿ ಬಂದಿಳಿದಿದ್ದೆ.

ಸ್ಕ್ಯಾನ್ ಮಾಡುವ ಹುಡುಗಿ ಹೊರಗೆ ಬಂದಳು. "ಕಾಕಾರ, ಕೊರಳಾಗಿಂದು ತಗೀಬೇಕ್ರಿ. ಬೆಳ್ಳಿ ಇದ್ರ ಫೋಟೋ ಕೆಡತಾವ."

ಅಪ್ಪ ಜಗಳ ತೆಗೆಯುತ್ತಾನೆ ಎಂದುಕೊಂಡೆ. ತೆಗೆಯಲಿಲ್ಲ. "ಬೆಳ್ಳಿ ಬ್ಯಾಡಂದ್ರ ಬಿಡವಾ. ಲಿಂಗ ನನ್ನ ಕೂಡ ಇರತೈತಿ," ಎಂದು ಕರಡಿಗೆ ಬಿಚ್ಚಿ, ಲಿಂಗವನ್ನು ಬಿಳಿ ವಸ್ತ್ರದಲ್ಲಿ ಸುತ್ತಿ ಎಡತೋಳಿಗೆ ಕಟ್ಟಿಕೊಂಡ. ಅವಳು ಮುಟ್ಟಿ ನೋಡಿ, ನಡೀತೈತಿ ಎಂದಳು.

ಅಪ್ಪನ ಕೈಯಲ್ಲಿ ಖಾಲಿ ಕರಡಿಗೆ ಉಳಿಯಿತು. ನಾನು ಕಿಸೆಗೆ ಹಾಕಿಕೊಳ್ಳಲು ಕೈ ಚಾಚಿದೆ.

"ಕಿಸೇದಾಗ ಬ್ಯಾಡ ತಮ್ಮಾ. ನಿನ್ನ ಲಿಂಗದ ಜೋಡಿ ಕೊರಳಾಗ ಇರಲಿ."

ಬೇಡ ಎನ್ನುವಷ್ಟರಲ್ಲಿ ಕರಡಿಗೆಯ ಶಿವದಾರ ನನ್ನ ತಲೆ ದಾಟಿತ್ತು. ಮೇಲಿನ ಗುಂಡಿ ಬಿಚ್ಚಿ ದಾರವನ್ನು ಅಂಗಿಯೊಳಗೆ ಇಳಿಬಿಡುತ್ತ ಅವನ ಬೆರಳುಗಳು ಇನ್ನೊಂದು ದಾರ ಹುಡುಕಿದವು. ಈ ಬದಿ ನೋಡಿದವು, ಆ ಬದಿ ನೋಡಿದವು, ನಿಂತವು. ನನಗೆ ಅವನ ಮುಖ ನೋಡಲಾಗಲಿಲ್ಲ. ನೆಲ ಬಾಯಿ ಬಿಟ್ಟು ನುಂಗಬಾರದೇ ಎನಿಸಿತು.

ಅಪ್ಪ ನನ್ನ ಗುಂಡಿ ಹಾಕಿದ. "ಖಾಲಿ ಐತಿ. ಭಾರ ಅನಸೂದಿಲ್ಲ," ಎಂದು ಹುಡುಗಿಯ ಹಿಂದೆ ಒಳಗೆ ಹೋದ.

ಗೋಡೆಯಾಚೆ ಯಂತ್ರ ಬಡಿದುಕೊಳ್ಳತೊಡಗಿತು. ಪಕ್ಕದ ಮುದುಕಿ ನನ್ನ ಎದೆಯ ಮೇಲಿನ ಉಬ್ಬನ್ನು ನೋಡಿ, "ನಿನ್ನಂಥಾ ಮಗನ್ನ ಪಡದಾಂವ ಪುಣ್ಯವಂತ ನೋಡಪಾ," ಎಂದಳು. ಬೈದಿದ್ದರೆ ಇಷ್ಟು ಸುಡುತ್ತಿರಲಿಲ್ಲ. ನಾನು ತಲೆಯಾಡಿಸಿದೆ, ಬೇರೇನು ಮಾಡಲಿ.

ಹೊರಗೆ ಬಂದ ಅಪ್ಪ ಕೈ ಚಾಚಿದ. ಕರಡಿಗೆ ಕೊಟ್ಟೆ. ಲಿಂಗವನ್ನು ಅದರಲ್ಲಿಟ್ಟು ಕೊರಳಿಗೆ ಹಾಕಿಕೊಂಡ. ಡಾಕ್ಟರು ಆಪರೇಷನ್ ಬೇಡ, ಭಾರ ಎತ್ತಬೇಡಿ ಎಂದರು. ಬಸ್ ಸ್ಟ್ಯಾಂಡಿನವರೆಗೆ ಅಪ್ಪ ಏನಾದರೂ ಕೇಳಲಿ ಎಂದು ಕಾದೆ. ಗುಳಿಗೆ ಊಟದ ಮೊದಲೋ ಆಮೇಲೋ ಎಂದಷ್ಟೇ ಕೇಳಿದ.

ಖಾನಾಪುರದ ಬಸ್ಸಿನಲ್ಲಿ ನಮ್ಮ ಓಣಿಯ ಹಿರಿಯರೊಬ್ಬರು ತಮ್ಮ ಬೀಗರೊಂದಿಗೆ ಮುಂದಿನ ಸೀಟಿನಲ್ಲಿದ್ದರು. "ಇವರಿಗೂ ಹೇಳ್ರಿ ಬರ್ಫದ ಸುದ್ದಿ," ಎಂದರು. ಅಪ್ಪ ಭತ್ತದ ಚೀಲ, ಸಂದಿ, ನೀರು ಎಲ್ಲ ಹೇಳಿದ. ಹುಳದವರೆಗೆ ಬಂದು ನಿಲ್ಲಿಸಿದ.

"ಲಿಂಗದ ಮಾತು ಬಿಟ್ರಲ್ಲರಿ," ಎಂದರು ಹಿರಿಯರು. ಅವರಿಗೆ ಕತೆ ಬಾಯಿಪಾಠ.

ನಾನು ಕಿಟಕಿಯ ಸರಳು ಹಿಡಿದುಕೊಂಡೆ. ಅಪ್ಪನಿಗೆ ಸುಳ್ಳು ಹೇಳಿ ಗೊತ್ತಿಲ್ಲ.

"ಖರೇರಿ, ಲಿಂಗ ಇಟಗೊಂಡು ಆ ಮಷೀನಿನೊಳಗ ಹೋಗಾಕ ಬರತೈತಿ," ಎಂದ. "ಇವತ್ತ ನಾನ ಹೋಗಿ ಬಂದೆ."